ಅತ್ತೆಯ ದನಿಗೆ ತಕ್ಕ ಸ್ಪೀಕರು

ನನ್ನ ಕಿವಿಯ ಬಗ್ಗೆ ನನಗೆ ಯಾವತ್ತೂ ಅನುಮಾನವಿಲ್ಲ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಯಂತ್ರದ ಬೇರಿಂಗ್ ಹದಗೆಡುವುದನ್ನು ಮೀಟರಿಗಿಂತ ಮೊದಲು ನಾನೇ ಹೇಳುತ್ತೇನೆ. ಅಂಥವಳು ಹೊಸಪೇಟೆಯ ಮನೆಗೆ ಬಂದು ಗೊಗ್ಗರು ದನಿಯ ಸ್ಪೀಕರಿನ ಮುಂದೆ ಎಷ್ಟು ದಿನ ಕೂರಬೇಕು? ಶೆಲ್ಫಿನ ಮೇಲಿದ್ದ ಹಳೆಯ ಜೋಡಿಯನ್ನು ತೆಗೆದು, ನೆಲದ ಮೇಲೆ ಎದೆಯೆತ್ತರಕ್ಕೆ ನಿಲ್ಲುವ ಜೋಡಿಯನ್ನು ತರುವುದೆಂದು ತೀರ್ಮಾನಿಸಿದೆ. ಗಂಡ, "ನಿನ್ನ ಪಗಾರ, ನಿನ್ನ ಕಿವಿ," ಎಂದು ಮತ್ತೆ ಪೇಪರಿನೊಳಗೆ ಮುಳುಗಿದರು.

ಇಂಥ ವಿಷಯದಲ್ಲಿ ಸಲಹೆ ಕೊಡದವರೇ ಇಲ್ಲ. ಸಂಡೂರಿನಿಂದ ಕಂಪನಿ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯದು ಒಂದೇ ಪ್ರಶ್ನೆ. "ಬೇಸ್ ಹೆಂಗೈತ್ರಿ ಮೇಡಂ? ಎದಿ ಗುಂಯ್ ಅಂತೈತೇನು?"

"ಎದಿ ಗುಂಯ್ ಅನ್ಲಿಕ್ಕೆ ಗಣಪತಿ ಮೆರವಣಿಗಿ ಸಾಕ್ರಿ," ಎಂದೆ. ಆಮೇಲೆ ಅವರು ಆ ಸುದ್ದಿಗೆ ಬರಲಿಲ್ಲ.

ಸ್ಪೀಕರು ಆರಿಸಲು ನನ್ನದೇ ಒಂದು ಕ್ರಮವಿದೆ. ಅಂಗಡಿಯವರು ಹಾಕುವ ಹಾಡನ್ನು ನಂಬಬಾರದು. ಅದು ಎಂಥ ಡಬ್ಬಿಯಲ್ಲೂ ಚೆನ್ನಾಗಿ ಕೇಳುವಂಥದ್ದೇ ಆಗಿರುತ್ತದೆ. ದಿನವೂ ಎದುರಿಗೇ ಕೇಳುವ ದನಿಯೊಂದನ್ನು ಜೊತೆಗೆ ಒಯ್ಯಬೇಕು. ನಮ್ಮ ಮನೆಯಲ್ಲಿ ಅಂಥ ದನಿ ಅತ್ತೆಯದು. ಕಂಪ್ಲಿಯ ತವರಿನಲ್ಲಿ ಕಲಿತ ಆರತಿ ಹಾಡುಗಳನ್ನು ಅವರು ಬೆಳಿಗ್ಗೆ ದೇವರ ಮನೆಯಲ್ಲಿ ಹಾಡುತ್ತಿದ್ದರು. ಅದು ಮುಗಿಯದೆ ಯಾರಿಗೂ ಕಾಫಿ ಸಿಗುತ್ತಿರಲಿಲ್ಲ. ಒಳ್ಳೆಯ ಮೈಕ್ ತಂದು ಒಂದು ಹಾಡನ್ನು ರೆಕಾರ್ಡ್ ಮಾಡಿಕೊಂಡು ಬೆಂಗಳೂರಿನ ಅಂಗಡಿಗೆ ಹೋದೆ.

ಮೊದಲ ಜೋಡಿ ಅತ್ತೆಯನ್ನು ಹದಿನೆಂಟರ ಹುಡುಗಿ ಮಾಡಿತು. ಇನ್ನೊಂದರಲ್ಲಿ ಅವರು ಗೋಡೆಯಷ್ಟು ದೊಡ್ಡವರಾದರು. ಅವರಿಗೆ ಅದು ಇಷ್ಟವಾಗುತ್ತಿತ್ತೇನೋ, ನನಗೆ ಬೇಡವಾಗಿತ್ತು. ಕೊನೆಯದರಲ್ಲಿ ಅತ್ತೆ ಅತ್ತೆಯಾಗಿಯೇ ಬಂದು ಕುಳಿತರು. ಬಳೆಯ ಸದ್ದು, ಬಿದ್ದ ಹಲ್ಲಿನ ಸಂದಿಯಿಂದ ಬರುವ ಗಾಳಿ, ಮೇಲಿನ ಸ್ವರಕ್ಕೆ ಹೋಗುವಾಗಿನ ನಡುಕ, ಎಲ್ಲ ಇದ್ದದ್ದು ಇದ್ದ ಹಾಗೆ.

"ವಾಯ್ಸ್ ಸ್ವಲ್ಪ ವಯಸ್ಸಾದವ್ರದು, ಬೇರೆ ಟ್ರ್ಯಾಕ್ ಹಾಕ್ಲಾ ಮೇಡಂ?" ಎಂದ ಅಂಗಡಿಯವನು.

"ಬ್ಯಾಡ. ಇದನ್ನೇ ಪ್ಯಾಕ್ ಮಾಡ್ರಿ," ಎಂದೆ.

ಸ್ಪೀಕರು ಮನೆಗೆ ಬಂದ ಮೇಲೆ ಒಂದೇ ಕಾನೂನು: ಟ್ವೀಟರನ್ನು ಯಾರೂ ಮುಟ್ಟಕೂಡದು. ಬಳೆಯ ಸದ್ದಿನಂಥ ಸಣ್ಣ ದನಿಗಳನ್ನೆಲ್ಲ ಹೊರಡಿಸುವುದು ಅದೇ; ರೇಷ್ಮೆ ಬಟ್ಟೆಯ ಪುಟ್ಟ ಗುಮ್ಮಟ. ಬೆರಳು ಒತ್ತಿದರೆ ಒಳಕ್ಕೆ ಕುಸಿಯುತ್ತದೆ, ಮತ್ತೆ ಮೊದಲಿನಂತಾಗುವುದು ಕಷ್ಟ. ನಮ್ಮ ಕಡೆಯ ಅದಿರಿನ ಕೆಂಪು ಧೂಳು ಅದರ ಮೇಲೆ ಕೂತರೆ ನಾನೇ ಮೆತ್ತನೆಯ ಬ್ರಷ್ಷಿನಿಂದ, ಉಸಿರು ಬಿಗಿಹಿಡಿದು ತೆಗೆಯುತ್ತಿದ್ದೆ.

ಅತ್ತೆಯನ್ನು ಸೋಫಾದ ಮೇಲೆ ಕೂರಿಸಿ ಅವರ ಹಾಡನ್ನೇ ಹಾಕಿದೆ. ಹೊಗಳಿಕೆ ಬರುತ್ತದೆಂದು ಕಾದು ನಿಂತಿದ್ದೆ. ಅವರು ಕೊನೆಯವರೆಗೂ ಅಲುಗಾಡದೆ ಕೇಳಿದರು.

"ಇಷ್ಟು ಮುದುಕಿ ಆಗೀನೇನವಾ ನಾ?" ಎಂದರು.

"ಇದ್ದದ್ದು ಇದ್ದಂಗ ಕೇಳಸ್ತದರಿ ಅತ್ತಿ. ಅದಕ್ಕ ಇದನ್ನ ತಂದೀನಿ."

ಅವರು ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ದೇವರ ಮನೆಯಿಂದ ಗಂಟೆಯ ಸದ್ದು ಮಾತ್ರ ಬಂತು. ಅದರ ಮರುದಿನವೂ ಅಷ್ಟೇ. ಹಾಡ್ರಿ ಎಂದರೆ, ಗಂಟಲು ಸರಿಯಿಲ್ಲ ಎನ್ನುವರು. ಕಾಫಿ ಬೇಗ ಸಿಗತೊಡಗಿತು, ಯಾರಿಗೂ ಅದು ರುಚಿಸಲಿಲ್ಲ. ಸ್ಪೀಕರಿಗಾಗಿ ಬೆಂಗಳೂರಿನವರೆಗೆ ಹೋಗಿಬಂದವಳ ಮನೆಯಲ್ಲಿ ಇದ್ದ ಒಂದು ಹಾಡೂ ನಿಂತುಹೋಗಿತ್ತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಿಜವಾಗಿಯೂ ದುಃಖವಾಯಿತು.

ಆಯುಧಪೂಜೆ ಬಂತು. ಕಾರು, ಸ್ಕೂಟರು, ಮಿಕ್ಸಿ, ಎಲ್ಲಕ್ಕೂ ಕುಂಕುಮ ಹಚ್ಚಿ ಹಾಡುವುದು ಅತ್ತೆಯ ಕೆಲಸ. ಆ ಸಲ ಕಾರಿಗೆ ತುಟಿ ಬಿಚ್ಚದೆ ಹಚ್ಚಿದರು. ನಾನು ಒಳಗೆ ಸ್ಪೀಕರುಗಳ ಮುಂದಿನ ಬಟ್ಟೆಯ ಚೌಕಟ್ಟನ್ನು ತೆಗೆದಿಟ್ಟು, ಧೂಳು ಒರೆಸಿ, ಎರಡೂ ಕಡೆ ಸರಿಯಿದೆಯೇ ಎಂದು ತಿಳಿಯಲು ಅದೇ ಹಾಡನ್ನು ಸಣ್ಣಗೆ ಹಾಕಿದ್ದೆ. ಅತ್ತೆ ಹೊರಗಿದ್ದಾರೆಂಬ ಧೈರ್ಯ. ತಿರುಗಿ ನೋಡಿದರೆ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹಾಡು ನಿಲ್ಲಿಸಲು ಕೈ ಚಾಚಿದೆ.

"ಇರ್ಲಿ ಬಿಡು," ಎಂದರು. ಸ್ವಲ್ಪ ಹೊತ್ತು ಕೇಳಿ, "ಅಲ್ಲೆ ಅಕಿ ಭಾಳ ಜಲ್ದಿ ಮಾಡ್ತಾಳ. ನಮ್ಮವ್ವ ಹಂಗ ಹೇಳಿಕೊಟ್ಟಿದ್ದಿಲ್ಲ," ಎಂದರು.

ಅಕಿ ಎಂದರೆ ಸ್ಪೀಕರಿನೊಳಗಿನ ಅತ್ತೆ. ಆ ಸಾಲನ್ನು ಇವರು ತಾವೇ ಹಾಡಿ ತೋರಿಸಿದರು, ನಿಧಾನವಾಗಿ, ಅದಕ್ಕಿಂತ ಗಟ್ಟಿಯಾಗಿ. ನಡುಕವಿತ್ತು, ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಾಲಿಗೆ ಹೋದರು. ಹಾಡುತ್ತಲೇ ಬಂದು ಬಲಗಡೆಯ ಸ್ಪೀಕರಿನ ಮುಂದೆ ನಿಂತು ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿದರು. ಹಣೆಯ ಜಾಗದಲ್ಲಿ ಅವರಿಗೆ ಕಂಡದ್ದು ಟ್ವೀಟರೇ.

ಕೂಗು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೂಗಿದ್ದರೆ ಬೆರಳು ನಿಲ್ಲುತ್ತಿತ್ತು, ಹಾಡೂ ನಿಲ್ಲುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಗುಮ್ಮಟ ಮೆತ್ತಗೆ ಒಳಕ್ಕೆ ಹೋಯಿತು. ಅತ್ತೆ ಹಾಡು ನಿಲ್ಲಿಸದೆ ಎಡಗಡೆಯದರತ್ತ ನಡೆದರು. ನಾನು ಅವರ ಕೈಯಿಂದ ತಟ್ಟೆ ತೆಗೆದುಕೊಂಡು, ಕುಂಕುಮ ಎಟಕುವಂತೆ ಹಿಡಿದು ನಿಂತೆ.