ಚಾಚಿ ಹೇಳದೆ ಬಿಟ್ಟ ಮಾತು

ಮೊಮ್ಮಗಳು ತಂದಿದ್ದ ಅತ್ತರದ ಶೀಶೆ ಮೊನ್ನೆ ನನ್ನ ಕೈಜಾರಿ ಒಡೆಯಿತು. ಮನೆಯೆಲ್ಲ ಲಾವಂಚದ ವಾಸನೆ. ಅವಳು ಗಾಜಿನ ಚೂರು ಆರಿಸುತ್ತಿದ್ದರೆ ನನಗೆ ಅತ್ತರದ ಚಾಚಿಯ ಮೇಲಿನ ಹಳೆಯ ಸಿಟ್ಟು ಮತ್ತೆ ಏರಿ ಬಂತು...

ಗೋಕಾಕದಲ್ಲಿ ಚಾಚಿ ನಮ್ಮ ಬಾಜೂ ಮನೆಯವಳು. ಅತ್ತರದ ಪೆಟ್ಟಿಗೆ ಹೊತ್ತು ಸಂತೆ ತಿರುಗುತ್ತಿದ್ದ ಅವಳ ಗಂಡ, ಒಮ್ಮೆ ಹುಕ್ಕೇರಿ ಸಂತೆಗೆಂದು ಹೋದವನು ತಿರುಗಿ ಬರಲಿಲ್ಲ. ಆಮೇಲೆ ಚಾಚಿಯೇ ಮನೆಮನೆಗೆ ಅತ್ತರ ಮಾರಿ ಒಬ್ಬಳೇ ಬಾಳಿದಳು. ಅವಳ ಬಾಗಿಲು ಮಾತ್ರ ಹಗಲೂ ರಾತ್ರಿಯೂ ತೆರೆದೇ ಇರುತ್ತಿತ್ತು. ಓಣಿಯ ಆಡುಗಳು ಒಳಗೆ ನುಗ್ಗಿ ಜೋಳದ ಹಿಟ್ಟು ಮುಕ್ಕಿ, ಅವಳ ಹಿತ್ತಲಿನಿಂದ ನಮ್ಮ ಹಿತ್ತಲಿಗೆ ದಾಟಿ ಮೆಂತ್ಯೆಪಲ್ಲೆ ಮೇಯುತ್ತಿದ್ದವು. ಅವ್ವ ಬೈದು ಬೈದು ಸೋತಳು. ಚಾಚಿ ಹೂಂ ಅನ್ನುವಳು, ಬಾಗಿಲು ಹಾಕಳು.

ಇಂಥವಳನ್ನೇ ನೆಚ್ಚಿಕೊಂಡು ಸಿನೆಮಾಕ್ಕೆ ಹೋಗುವ ಗತಿ ನಮ್ಮದಾಗಿತ್ತು. ಊರಾಚೆಯ ಟೆಂಟಿನಲ್ಲಿ ಬಾದಶಹರ ಕಾಲದ ಪ್ರೇಮಕತೆಯೊಂದು ಬಂದಿತ್ತು. ಮಾತೆಲ್ಲ ಉರ್ದು. ಹೆಂಗಸರ ಕಡೆ ಕೂತ ನಮಗೆ ಒಂದಕ್ಷರ ತಿಳಿಯದು. ಅದಕ್ಕೇ ಓಣಿಯವರು ಚಾಚಿಯನ್ನು ನಡುವೆ ಕೂರಿಸಿಕೊಳ್ಳುತ್ತಿದ್ದರು. ಅವಳು ಕನ್ನಡದಲ್ಲಿ ಹೇಳಬೇಕು, ನಾವು ಕೇಳಬೇಕು.

ಬೇಡದ್ದನ್ನೆಲ್ಲ ಹೇಳಿದಳು ಮಹಾರಾಯ್ತಿ. ಬಾದಶಹ ನೀರು ಕುಡಿದರೆ ನೀರು ಕುಡಿದ ಅಂದಳು, ಆನೆ ಬಂದರೆ ಆನೆ ಬಂತು ಅಂದಳು. ನಮಗೇನು ಕಣ್ಣಿರಲಿಲ್ಲವೇ? ಕೊನೆಗೆ ಬಾದಶಹ ತನ್ನ ಮಗನನ್ನು ದೂರದ ಯುದ್ಧಕ್ಕೆ ಅಟ್ಟಿದ. ಆ ಮಗ ಮೆಚ್ಚಿದ ಹುಡುಗಿಯ ಮುಖವಷ್ಟೇ ತೆರೆಯ ತುಂಬ ಕಂಡಿತು. ಎಂಥ ಚೆಲುವಿನ ಮುಖ ಅದು... ಪಕ್ಕದ ದಾಸಿಗೆ ಅವಳು ಮೆಲ್ಲಗೆ ಒಂದು ಮಾತು ಹೇಳಿದಳು. ಸಿನೆಮಾ ಮುಗಿಯಿತು. ಗಂಡಸರ ಕಡೆಯಲ್ಲಿ ಉರ್ದು ಬಲ್ಲವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಚಾಚಿ ಸೆರಗು ಬಾಯಿಗೊತ್ತಿ ಬಿಕ್ಕುತ್ತಿದ್ದಳು.

“ಏನಂದಳ್ರಿ ಚಾಚಿ?” ಅವಳ ತೋಳು ಜಗ್ಗಿ ಕೇಳಿದೆ.

“ಅದನ್ನ ಕನ್ನಡದಾಗ ಹೇಳಾಕ ಬರೂದಿಲ್ಲವ್ವಾ.”

ನನಗೆ ಮೈಯೆಲ್ಲ ಉರಿಯಿತು. ಅವ್ವನನ್ನು ಕಾಡಿ ಬೇಡಿ ಮತ್ತೊಮ್ಮೆ ಹೋದೆ. ಚಾಚಿ ಖುಷಿಯಿಂದಲೇ ಬಂದಳು. ನೀರು, ಆನೆ ಎಲ್ಲ ಹೇಳಿದಳು. ಆ ಮಾತು ಬರುವ ಹೊತ್ತಿಗೆ ಮತ್ತೆ ಸೆರಗು ಬಾಯಿಗೆ ಹೋಯಿತು. ಟೆಂಟು ಕೊಣ್ಣೂರಿಗೆ ಹೋದಾಗ ಅಲ್ಲಿಗೂ ಚಕ್ಕಡಿಯಲ್ಲಿ ಹೋದೆವು. ಅಲ್ಲಿಯೂ ಅದೇ ಹಣೆಬರಹ. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಚಾಚಿ ನನ್ನ ಮುಂಗೈಗೆ ಅತ್ತರ ಹಚ್ಚಿದಳು. ಆಗಲೂ ಕೇಳಿದೆ. ಇನ್ನೊಂದು ಕೈಗೂ ಹಚ್ಚಿದಳು. ಮುಂದೆ ಕೆಲವು ವರ್ಷಕ್ಕೆ ಅವಳು ತೀರಿಕೊಂಡಳು, ಆ ಮನೆಗೆ ಬೇರೆಯವರು ಬಂದರು.

ಗಾಜು ಬಳಿದ ಮೇಲೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಅದೇ ಸಿನೆಮಾ ಮೊಬೈಲಿನಲ್ಲಿ ಹುಡುಕಿ ಹಚ್ಚಿಕೊಟ್ಟಳು. ಈಗ ಮಾತಿನ ಅರ್ಥ ಕೆಳಗೆ ಕನ್ನಡದಲ್ಲೇ ಮೂಡುತ್ತದೆ. ಆನೆ ಬಂದಾಗ ಮಾತ್ರ ಏನೂ ಮೂಡಲಿಲ್ಲ, ಅದೇಕೋ ಬಿಕೋ ಎನಿಸಿತು. ಕೊನೆಗೆ ಆ ಹುಡುಗಿಯ ಮುಖ ಬಂತು. ಕಣ್ಣು ಕಿರಿದು ಮಾಡಿ ಓದಿದೆ.

“ಬಾಗಿಲು ಹಾಕಬೇಡ. ಅವರು ಬರುತ್ತಾರೆ.”

ಇಷ್ಟೇ. ಇಷ್ಟನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲವೆಂದಳಲ್ಲ! ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಒಂದು ಮಾತು ಹೇಳಿದ್ದರೆ ಆ ಆಡುಗಳನ್ನು ನಾವೇ ಕಾಯುತ್ತಿದ್ದೆವಲ್ಲ ಚಾಚಿ... ಈಗ ಯಾರಿಗೆ ಹೇಳಲಿ.