ಇಂಡಿಯಾ ಸಾಲಿನ ಆಂಟಿ

ಹೋದ ತಿಂಗಳು ರೌಂಡ್ ರಾಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳ ಹುಟ್ಟುಹಬ್ಬ. ಬಂದವರಲ್ಲಿ ಯಾರೋ ಒಬ್ಬರು ಹಸಿರು ಬಣ್ಣದ, ಪದರ ಪದರವಾದ ಒಂದು ಸಿಹಿ ತಂದಿದ್ದರು. ಅಕ್ಕಿಹಿಟ್ಟಿಗೆ ತೆಂಗಿನ ಹಾಲು ಸೇರಿಸಿ ಹಬೆಯಲ್ಲಿ ಬೇಯಿಸಿದ್ದು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆಗ ತಾನೇ ಬಸಿದ ಗಂಧಸಾಲೆ ಅನ್ನದಂಥ ಘಮ ಬಂತು. ಕೇದಿಗೆಯ ಜಾತಿಗೆ ಸೇರಿದ ಒಂದು ಉದ್ದನೆಯ ಎಲೆಯ ಘಮ ಅದು. ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಅಮ್ಮಾ, ಆರ್ ಯು ಓಕೆ?" ಎಂದಳು ಮಗಳು.

"ಪಕ್ಕದ್ಮನೆ ಆಂಟಿ ಮಾಡ್ತಿದ್ರಲ್ಲ, ಅದೇ ಇದು" ಎಂದೆ.

"ಓ, ಹಿಂದಿ ಆಂಟಿ" ಎಂದಳು ತಕ್ಷಣ.

ಮಿಸೌರಿ ಸಿಟಿಯ ನಮ್ಮ ಬೀದಿಯಲ್ಲಿ ಗುಜರಾತಿಗಳಿದ್ದರು, ಮಲಯಾಳಿಗಳಿದ್ದರು, ದೆಹಲಿಯಿಂದ ಬಂದ ಒಂದು ಕುಟುಂಬವೂ ಇತ್ತು. ಆದರೂ ನಮ್ಮ ಮಕ್ಕಳ ಬಾಯಲ್ಲಿ ಹಿಂದಿ ಆಂಟಿ ಎಂಬ ಹೆಸರು ಪಡೆದವರು ಪಕ್ಕದ ಮನೆಯ ಚೀನೀ ಹೆಂಗಸು.

ನಾವು ಆ ಮನೆಗೆ ಶಿಫ್ಟ್ ಆದ ಹೊಸದು. ಕ್ಲಿನಿಕ್‌ಗೆ ರಜೆ ಇದ್ದ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕರಿಬೇವಿನ ಸಸಿಗೆ ನೀರು ಹಾಕುತ್ತಿದ್ದೆ. ಬೇಲಿಯ ಆ ಕಡೆಯಿಂದ ಒಂದು ದನಿ ಬಂತು: "ಏ ಬೇಟೀ, ಇತನಾ ಪಾನೀ ಮತ್ ದೋ. ಮರ್ ಜಾಯೇಗಾ." ಅಷ್ಟು ನೀರು ಹಾಕಿದರೆ ಗಿಡ ಸತ್ತುಹೋಗುತ್ತದೆ ಎಂದು ಯಾರೋ ಹೇಳುತ್ತಿದ್ದರು. ದೆಹಲಿಯವರ ಅತ್ತೆ ಇರಬೇಕು ಎಂದುಕೊಂಡು ತಲೆ ಎತ್ತಿದರೆ, ಬೇಲಿಯ ಮೇಲೆ ಒಂದು ಬಿದಿರಿನ ಹ್ಯಾಟು, ಅದರ ಕೆಳಗೆ ನಗುತ್ತಿರುವ ಚೀನೀ ಮುಖ. ಆಂಟಿ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತಿದ್ದರು.

ನನ್ನ ಹಿಂದಿ ಮೈಸೂರಿನ ಶಾಲೆಯಲ್ಲಿ ಪರೀಕ್ಷೆಗೆಂದು ಕಲಿತದ್ದು. ಅದೂ ಮರೆತುಹೋಗಿತ್ತು. ಅವರದು ಅಸ್ಸಾಮಿನ ಬಜಾರಿನಲ್ಲಿ ಕಲಿತ ಹಿಂದಿ. ಲಿಂಗ, ವಚನಗಳ ಗೊಡವೆಯೇ ಅದಕ್ಕಿರಲಿಲ್ಲ. ಆದ್ದರಿಂದಲೇ ಇರಬೇಕು, ಅವರೊಡನೆ ಮಾತಾಡಲು ನನಗೆ ಸಂಕೋಚವಾಗಲಿಲ್ಲ. ಅವರನ್ನು ಇಲ್ಲಿಗೆ ಕರೆಸಿಕೊಂಡ ಮಗಳಿಗೆ ಹಿಂದಿ ಬರುತ್ತಿರಲಿಲ್ಲ. ಮೊಮ್ಮಕ್ಕಳಿಗೆ ಚೀನೀ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ಹೀಗಾಗಿ ದಿನವೆಲ್ಲ ಕೂಡಿಟ್ಟ ಮಾತನ್ನು ಆಂಟಿ ಸಂಜೆ ಬೇಲಿಯ ಹತ್ತಿರ ಬಂದು ನನ್ನ ಮೇಲೆ ಸುರಿಯುತ್ತಿದ್ದರು. ಅದರಲ್ಲಿ ಅಷ್ಟಿಷ್ಟನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ…

ಅವರು ಹುಟ್ಟಿದ್ದು ಅಸ್ಸಾಮಿನಲ್ಲಿ, ಚಹಾ ತೋಟಗಳ ನಡುವಿನ ಒಂದು ಊರಿನಲ್ಲಿ. ಅಪ್ಪ ಚೀನೀ ಬಡಗಿ. ಅಮ್ಮ ತೋಟದ ಕೂಲಿಯವರ ಮಗಳು. ಚೀನಾ ಯುದ್ಧವಾದಾಗ ಆಂಟಿ ಇನ್ನೂ ಶಾಲೆಗೆ ಹೋಗುತ್ತಿದ್ದರು. ಊರಿನ ಚೀನೀ ಕುಟುಂಬಗಳನ್ನೆಲ್ಲ ರೈಲು ಹತ್ತಿಸಿ ರಾಜಸ್ಥಾನದ ಶಿಬಿರಕ್ಕೆ ಕಳಿಸಿದರು. ಅಲ್ಲಿಂದ ಮದ್ರಾಸು, ಮದ್ರಾಸಿನಿಂದ ಹಡಗು. "ಎಲ್ರೂ ನಿಮ್ಮೂರಿಗೆ ಹೋಗ್ತಿದೀರ ಅಂತ ಹೇಳಿದ್ರು. ಅಪ್ಪ ಹುಟ್ಟಿದ್ದೂ ಅಸ್ಸಾಮಲ್ಲೇ. ಅಮ್ಮನಿಗಂತೂ ಚೀನಾದ ಒಂದು ಮಾತೂ ಬರ್ತಿರ್ಲಿಲ್ಲ."

ಹಡಗು ಇಳಿದ ಮೇಲೆ ಅವರನ್ನು ಕರೆದೊಯ್ದದ್ದು ಹೈನಾನ್ ದ್ವೀಪಕ್ಕೆ. ಹೊರದೇಶಗಳಿಂದ ಹೊರಟು ಬಂದ ಚೀನೀಯರಿಗೆಂದೇ ಸರಕಾರ ಅಲ್ಲಿ ಕುರುಚಲು ಕಾಡು ಕಡಿದು ಒಂದು ಹಳ್ಳಿ ಕಟ್ಟಿಸಿತ್ತು. ಉದ್ದುದ್ದ ಸಾಲು ಮನೆಗಳು. ಜಾವಾದಿಂದ ಬಂದವರಿಗೆ ಒಂದು ಸಾಲು, ಮಲಯಾದವರಿಗೆ ಒಂದು, ಬರ್ಮಾದವರಿಗೆ ಒಂದು. ವಿಯೆಟ್ನಾಮಿನವರು ಆಮೇಲೆ ಬಂದರು. ಎಲ್ಲಕ್ಕಿಂತ ಚಿಕ್ಕದು ಇಂಡಿಯಾ ಸಾಲು. ಬೆಟ್ಟದ ಮೇಲೆ ಮೊದಲಿನಿಂದಲೂ ಇದ್ದ ಲೀ ಬುಡಕಟ್ಟಿನವರು ಇಳಿದು ಬಂದು, ಇವರು ಯಾರಿರಬಹುದು ಎಂದು ನೋಡಿಕೊಂಡು ಹೋಗುತ್ತಿದ್ದರಂತೆ. ಯಾವ ಸೊಪ್ಪು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂದು ಹೇಳಿಕೊಟ್ಟವರೂ ಅವರೇ.

"ಎಲ್ರ ಮುಖ ಒಂದೇ, ಬಾಯಿ ಬೇರೆ ಬೇರೆ" ಎನ್ನುತ್ತಿದ್ದರು ಆಂಟಿ.

ಎಲ್ಲರಿಗೂ ರಬ್ಬರ್ ತೋಟದಲ್ಲಿ ಕೆಲಸ. ನೀರಿಗೆ ಒಂದೇ ನಲ್ಲಿ. ಅಲ್ಲಿ ಜಗಳವಾದರೆ ಒಬ್ಬರು ಬೈದದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಜಗಳ ಬೇಗ ಮುಗಿದುಹೋಗುತ್ತಿತ್ತು. ಅಮ್ಮ ಅರಿಶಿನ ಹಾಕಿ ಅನ್ನ ಮಾಡಿದ ಮೊದಲ ದಿನ ಮಲಯಾ ಸಾಲಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮರುದಿನ ತಮ್ಮ ಮನೆಯಿಂದ ಒಣಮೀನಿನ ಚಟ್ನಿ ತಂದುಕೊಟ್ಟರು. ಆಂಟಿಯನ್ನು ಕೇಳಿಕೊಂಡು ಬಂದದ್ದು ಜಾವಾ ಸಾಲಿನ ಟ್ರ್ಯಾಕ್ಟರ್ ಡ್ರೈವರ್. ಆ ಮನೆಯವರಿಗೆ ಹಿಂದಿ ಬಾರದು, ಅಮ್ಮನಿಗೆ ಅವರ ಮಾತು ಬಾರದು. ಎರಡೂ ಕಡೆಯ ಮಾತು ಅಲ್ಪಸ್ವಲ್ಪ ಬಲ್ಲ ಬರ್ಮಾ ಸಾಲಿನ ಮುದುಕನೊಬ್ಬ ಮಧ್ಯೆ ಕೂತು ಮದುವೆ ಕುದುರಿಸಿದ. "ಅವನು ಏನು ಹೇಳಿದ್ನೋ ಯಾರಿಗೆ ಗೊತ್ತು? ಗಂಡ ಒಳ್ಳೆಯವನು ಸಿಕ್ಕಿದ" ಎಂದು ಆಂಟಿ ನಗುತ್ತಿದ್ದರು. ಹಸಿರು ಸಿಹಿ ಕಲಿತದ್ದು ಆ ಗಂಡನ ತಾಯಿಯಿಂದ.

ನಡುವೆ ಕೆಲವು ಕೆಟ್ಟ ವರ್ಷಗಳಿದ್ದವು. ಹೊರದೇಶದಿಂದ ಬಂದವರೆಂದು ಹಳ್ಳಿಯನ್ನೇ ಅನುಮಾನದಿಂದ ನೋಡಿದ ಕಾಲ. ಅದರ ಬಗ್ಗೆ ಕೇಳಿದರೆ ಆಂಟಿ ಬೇಲಿಯ ಮೇಲಿನ ಹೀರೆಬಳ್ಳಿ ಸರಿಮಾಡತೊಡಗುತ್ತಿದ್ದರು… ನಾನೂ ಕೇಳುವುದನ್ನು ಬಿಟ್ಟೆ.

ಆದರೆ ಆಮೇಲಿನ ಕತೆ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ರಬ್ಬರಿಗೆ ಬೆಲೆ ಬಿತ್ತು. ಹತ್ತಿರದಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಹೋಟೆಲುಗಳು ಎದ್ದವು, ಟೂರಿಸ್ಟ್ ಬಸ್ಸುಗಳು ಬಂದವು. "ಮೊದ್ಲು ಸರಕಾರದವರು ನಿಮ್ಮ ಹಾಡು ಕುಣಿತ ಎಲ್ಲ ಬೇಡ ಅಂದ್ರು. ಆಮೇಲೆ ಅವರೇ ಬಂದು ಕುಣೀರಿ ಅಂದ್ರು. ಇಂಡಿಯಾ ಸಾಲಿಂದಲೂ ಒಂದು ಐಟಂ ಬೇಕಂತೆ. ನಮಗೆಲ್ಲಿ ಬರುತ್ತೆ? ಕಿಟಕಿ ಕರ್ಟನ್ ತೆಗೆದು ಸೀರೆ ಥರ ಸುತ್ಕೊಂಡು ಕೈ ತಿರುಗಿಸಿದ್ವಿ. ಏನು ಚಪ್ಪಾಳೆ ಅಂತೀಯಾ."

ಆ ಮಾತು ಕೇಳಿದ ವಾರವೇ ಅವರನ್ನು ಕಾರಿನಲ್ಲಿ ಇಂಡಿಯಾದವರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ಗೆ ಕರೆದುಕೊಂಡು ಹೋಗಿ ಒಂದು ನಿಜವಾದ ಸೀರೆ ಕೊಡಿಸಿದೆ. ಅಂಗಡಿಯವನು ನನ್ನ ಕಡೆ ನೋಡುತ್ತ ಹಿಂದಿಯಲ್ಲಿ ಮಾತಾಡುತ್ತಿದ್ದ, ಉತ್ತರವೆಲ್ಲ ಆಂಟಿಯಿಂದ ಬರುತ್ತಿತ್ತು. ಕೊನೆಗೆ ಅವನು ನನ್ನನ್ನು ಬಿಟ್ಟು ಅವರಿಗೆ ಸ್ಟೂಲು ಹಾಕಿ ಕೂರಿಸಿದ. ಸಾಸಿವೆ ಹೂವಿನ ಬಣ್ಣದ, ಕೆಂಪಂಚಿನ ಹತ್ತಿ ಸೀರೆ ಆರಿಸಿಕೊಂಡರು. ಅಮ್ಮ ಹಡಗಿನಲ್ಲಿ ಉಟ್ಟಿದ್ದದ್ದು ಅಂಥದೇ ಎಂದರು. ದಾರಿಯುದ್ದಕ್ಕೂ ಸೀರೆಯ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಹಳ್ಳಿಯ ಸಾಲು ಮನೆಗಳನ್ನೆಲ್ಲ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂಬ ಸುದ್ದಿ ಬಂತು. ಮನೆ ಕಳೆದುಕೊಂಡವರಿಗೆ ಅಲ್ಲೇ ಫ್ಲ್ಯಾಟು. ವಿಯೆಟ್ನಾಂ ಸಾಲಿನ ಹಳೆಯ ಗೆಳತಿ ವಿಡಿಯೊ ಕಾಲ್ ಮಾಡಿ, ಉಳಿದಿರುವ ಮುದುಕಿಯರೆಲ್ಲ ಒಂದೇ ಮಹಡಿ ಕೇಳಿಕೊಂಡಿದ್ದೇವೆ, ನೀನೂ ಬಾ ಎಂದಳಂತೆ. ಆಂಟಿಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಅವರು ಹೋಗುತ್ತೇನೆಂದು ಹಟ ಹಿಡಿದರು. ನೋಡಿಕೊಂಡು ಬರಲು ಅಲ್ಲ, ಇರಲು.

ಒಂದು ಭಾನುವಾರ ಅವರ ಮಗಳು ನಮ್ಮ ಮನೆಗೆ ಬಂದಳು. ಬಹಳ ಸಭ್ಯ ಹೆಂಗಸು, ಆಯಿಲ್ ಕಂಪನಿಯೊಂದರಲ್ಲಿ ಎಂಜಿನಿಯರ್. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಅಂದು ಅವಳ ಮುಖ ಬಾಡಿತ್ತು. "ಡಾಕ್ಟರ್, ನೀವು ಹೇಳಿದರೆ ಅಮ್ಮ ಕೇಳುತ್ತಾರೆ. ಈ ವಯಸ್ಸಿನಲ್ಲಿ ಒಬ್ಬರೇ ಇರುವುದು ಅಪಾಯ ಎಂದು ಹೇಳಿ" ಎಂದಳು. "ನಾನೂ ಅಲ್ಲೇ ಹುಟ್ಟಿದವಳು. ಬೆಳಕು ಹರಿಯುವ ಮೊದಲು ಅಮ್ಮನ ಹಿಂದೆ ರಬ್ಬರ್ ಹಾಲಿನ ಬಕೆಟ್ ಹೊತ್ತಿದ್ದೇನೆ. ಅಲ್ಲಿಂದ ಹೊರಗೆ ಬರಲೆಂದೇ ಓದಿದೆ. ಅಮ್ಮನಿಗೆ ಅಲ್ಲಿ ಏನು ಕಾಣುತ್ತದೆಯೋ ನನಗೆ ಅರ್ಥವಾಗುವುದಿಲ್ಲ" ಎಂದಳು.

ಹೇಳುತ್ತೇನೆಂದು ಮಾತು ಕೊಟ್ಟೆ. ಹೇಳಲೆಂದೇ ಬಿಪಿ ನೋಡುವ ಯಂತ್ರ ಹಿಡಿದು ಹೋದೆ. ಆಂಟಿ ತೋಳು ಚಾಚಿ ಕೂತರು. ಬಿಪಿ ನನ್ನದಕ್ಕಿಂತ ಚೆನ್ನಾಗಿತ್ತು.

"ಅಲ್ಲಿ ಕಾಯಿಲೆ ಬಿದ್ರೆ ಯಾರು ನೋಡ್ಕೋತಾರೆ ಆಂಟಿ?" ಎಂದೆ.

"ಅದೇ ಮಹಡೀಲಿ ಇರೋರು."

"ಅವರೂ ನಿಮ್ಮಷ್ಟೇ ವಯಸ್ಸಾದೋರು."

"ಸರದಿ ಮೇಲೆ ಕಾಯಿಲೆ ಬೀಳ್ತೀವಿ" ಎಂದರು. ನಗಲಿಲ್ಲ, ನಿಜವಾಗಿಯೇ ಹೇಳಿದರು. ಆಮೇಲೆ ತೋಳಿನ ಪಟ್ಟಿ ತಾವೇ ಬಿಚ್ಚುತ್ತ ಮೆಲ್ಲಗೆ ಮಾತಾಡಿದರು. "ಅಸ್ಸಾಮಿಂದ ಕಳಿಸಿದ್ರು, ಹೋದೆ. ಶಿಬಿರದಿಂದ ಕಳಿಸಿದ್ರು, ಹೋದೆ. ಮಗಳು ಕರೆದ್ಲು, ಇಲ್ಲಿಗೆ ಬಂದೆ. ನಾನೇ ಹೋಗ್ತೀನಿ ಅಂತ ಇದುವರೆಗೆ ಎಲ್ಲಿಗೂ ಹೋಗಿಲ್ಲ ಬೇಟೀ."

ಸಂಜೆ ಅವರ ಮಗಳಿಗೆ ಫೋನ್ ಮಾಡಿ, ಬಿಪಿ ಚೆನ್ನಾಗಿದೆ, ಮಂಡಿ ಚೆನ್ನಾಗಿದೆ, ಪ್ರಯಾಣ ಮಾಡಬಹುದು ಎಂದೆ. ನೀವು ಅವರ ಪಕ್ಷ ಸೇರಿಬಿಟ್ಟಿರಿ ಎಂದು ಸಣ್ಣಗೆ ನಕ್ಕಳು. ಅವಳೇ ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದಳು.

ಹೊಸ ಫ್ಲ್ಯಾಟಿನಿಂದ ಆಂಟಿ ಮೊದಲ ವಿಡಿಯೊ ಕಾಲ್ ಮಾಡಿದಾಗ ಆ ಸಾಸಿವೆ ಬಣ್ಣದ ಸೀರೆ ಉಟ್ಟಿದ್ದರು, ಅದೂ ಪ್ಯಾಂಟಿನ ಮೇಲೆ. ಫೋನ್ ಹಿಡಿದು ಕಾರಿಡಾರಿನ ಉದ್ದಕ್ಕೂ ನಡೆದರು. ಎಲ್ಲ ಬಾಗಿಲುಗಳೂ ತೆರೆದಿದ್ದವು. ಒಂದರಿಂದ ಬರ್ಮಾದ ಅಜ್ಜಿ, ಇನ್ನೊಂದರಿಂದ ವಿಯೆಟ್ನಾಮಿನ ಗೆಳತಿ, ಬೆಟ್ಟದಿಂದ ಇಳಿದು ಬಂದು ಜಾವಾ ಸಾಲಿನವನನ್ನು ಮದುವೆಯಾಗಿದ್ದ ಲೀ ಹೆಂಗಸು. ಎಲ್ಲರೂ ನನಗೆ ಕೈ ಬೀಸಿದರು. ನಾನು ನಮಸ್ಕಾರ ಮಾಡಿದೆ. ಆಂಟಿ ಮೊದಲಿಗಿಂತ ಜೋರಾಗಿ ಮಾತಾಡುತ್ತಿದ್ದರು. ಕೆಳಗೆ ಸೂಪರ್‌ಮಾರ್ಕೆಟ್ ಬಂದಿದೆ, ಲಿಫ್ಟಿನಲ್ಲಿ ಹಾಡು ಹಾಕುತ್ತಾರೆ, ಹುಡುಗರೆಲ್ಲ ಪಟ್ಟಣ ಸೇರಿದ್ದಾರೆ… ಒಂದೇ ಉಸಿರಿಗೆ ಎಲ್ಲ ಹೇಳಿದರು. ಇಂಡಿಯಾ ಸಾಲಿನಿಂದ ಉಳಿದವರು ತಾವೊಬ್ಬರೇ ಎಂದೂ ಅದರ ನಡುವೆಯೇ ಹೇಳಿದರು.

ಮೂರು ನಾಲ್ಕು ವರ್ಷ ಹಾಗೆ ಕಾಲ್‌ಗಳು ಬರುತ್ತಿದ್ದವು. ಆಮೇಲೆ ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲವಂತೆ. ಚಹಾಕ್ಕೆ ಕರೆಯಲು ಹೋದ ಗೆಳತಿಗೆ ಗೊತ್ತಾಯಿತು.

ಅವರ ಮಗಳು ಹೋಗಿ ಎಲ್ಲ ಮುಗಿಸಿ ಬಂದಳು. ಬಂದ ಮರುದಿನ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದಳು. ಕಾರಿಡಾರಿನವರು ಯಾರೂ ಅವಳಿಗೆ ಒಲೆ ಹಚ್ಚಲು ಬಿಡಲಿಲ್ಲ. ಇದ್ದಷ್ಟು ದಿನವೂ ಒಂದೊಂದು ಹೊತ್ತು ಒಂದೊಂದು ಮನೆಯಲ್ಲಿ ಊಟ. ಯಾರು ಮೊದಲು ಕರೆದದ್ದು ಎಂದು ಮುದುಕಿಯರು ಜಗಳವಾಡಿದರು. ಹಾಗೆ ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು:

"ತೋಡಾವ್ ಅಂದರೆ ಏನು? ಅಲ್ಲಿ ಬಡಿಸುವಾಗ ಎಲ್ಲರೂ ಅನ್ನುವ ಮಾತು. ಅಮ್ಮ ಇಲ್ಲಿಯೂ ಅನ್ನುತ್ತಿದ್ದರು. ನಾನು ಚಿಕ್ಕಂದಿನಿಂದ ಅದು ಅಪ್ಪನ ಕಡೆಯ ಮಾತು, ಜಾವಾದ್ದು ಅಂದುಕೊಂಡಿದ್ದೆ. ಈ ಸಲ ಕೇಳಿದರೆ ಜಾವಾದವರು ನಮ್ಮದಲ್ಲ ಅಂದರು. ವಿಯೆಟ್ನಾಮಿನವರೂ ನಮ್ಮದಲ್ಲ ಅಂದರು."

ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ ಮೇಲೆ ತಿಳಿಯಿತು.

"ಥೋಡಾ ಔರ್. ಹಿಂದಿ ಅದು. ಇನ್ನು ಸ್ವಲ್ಪ ಹಾಕ್ಕೋ ಅಂತ."

ಅವಳು ಅದನ್ನು ಬಾಯೊಳಗೇ ಹೇಳಿ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ನಾನು ಚಹಾಕ್ಕೆ ಇಟ್ಟೆ.

ಆಂಟಿ ಈಗ ಇಲ್ಲ. ಕಾಲ್ ಮಾಡಿದರೆ ಎತ್ತುವವರು ಯಾರೂ ಇಲ್ಲ. ಇಂಡಿಯಾ ಸಾಲು ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸುತ್ತಾರಂತೆ. ಆದರೆ ಆ ಮಹಡಿಯಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ, ತಟ್ಟೆ ಖಾಲಿಯಾಗುವ ಮೊದಲೇ ಯಾರೋ ಸೌಟು ಹಿಡಿದು ಬರುತ್ತಾರೆ, ತೋಡಾವ್ ಎನ್ನುತ್ತಾರೆ, ಎಲ್ಲಿಯ ಮಾತೆಂದು ತಿಳಿಯದೆಯೇ ಬಡಿಸುತ್ತಾರೆ.