ಎರ್ರಿಯಪ್ಪನ ಬಿಳಿ ಹಲಗೆ

2007ರ ಮಾರ್ಚ್ ಆರು, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಎರ್ರಿಯಪ್ಪ ತೀರಿಕೊಂಡ. ಐವತ್ತೆರಡು ವರ್ಷ. ಹೃದಯ ನಿಂತಿತು ಎಂದರು ಡಾಕ್ಟರು.

ಹೊಸಪೇಟೆ ಬೈಪಾಸಿನಲ್ಲಿರುವ ಹೊನ್ನೂರಸ್ವಾಮಿಯ ಶೆಡ್ಡಿನಲ್ಲಿ ಅವನು ಹದಿನೆಂಟು ವರ್ಷ ಲಾರಿಗಳ ಹಿಂಬದಿಯ ಹಲಗೆಗೆ ಚಿತ್ತಾರ ಬರೆದ. ಕೂತಲ್ಲಿ ಕೂರುವ ಆಸಾಮಿಯಲ್ಲ. ಕುಂಚವನ್ನು ಡಬ್ಬಿಯಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ಸಂಜೆ ಕೇಳಿದರೆ, ಕಂಪ್ಲಿ ರಸ್ತೆಯಲ್ಲಿ ಯಾರೋ ಕಡಿದ ಬಾಳೆದಿಂಡು ನೋಡುತ್ತ ನಿಂತಿದ್ದೆ ಎನ್ನುವನು. ಮರುದಿನ ದಿಂಡಿನೊಳಗಿನ ಆ ಕಣ್ಣುಕಣ್ಣಿನ ಜಾಲರಿ ಯಾವುದೋ ಲಾರಿಯ ಬೆನ್ನ ಮೇಲೆ ಓಡುತ್ತಿತ್ತು.

ಗಣಿಯ ಭರಾಟೆ ಏರಿದ ಮೇಲೆ ಲಾರಿಯವರಿಗೆ ಒಂದು ದಿನ ಕಾಯುವ ಪುರುಸೊತ್ತೂ ಇಲ್ಲ, ಸ್ಟಿಕ್ಕರ್ ಸಾಕು. ಬರೆದದ್ದೂ ಸಂಡೂರಿಗೆ ನಾಲ್ಕು ಸಲ ಹೋಗಿಬಂದರೆ ಅದಿರಿನ ಕೆಂಪು ಧೂಳಿನಡಿ ಮಾಯ.

"ನಾ ಬರಿಯೋದು ಧೂಳಿಗೆ ತಿನ್ನಾಕ, ಆಚಾರ್ರೇ," ಎಂದು ನಾನು ಕೆಲಸ ಮಾಡುವ ಗ್ರಂಥಾಲಯದ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಒಳಗೆ ಬಂದು ಕೂರು ಎಂದರೆ ಆಗಲೇ ಹೊರಟಿರುತ್ತಿದ್ದ.

ತಿಂಗಳ ಹಿಂದೆ ಇಬ್ಬರೂ ಹಂಪಿಗೆ ಹೋದೆವು. ದಾರಿಬದಿಯ ಮಂಟಪದ ಒಂದು ಕಂಬದೆದುರು ಅವನು ನಿಂತುಬಿಟ್ಟ. ಆ ಕಂಬ ಬೋಳು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಉಳಿಯ ತೆಳು ಗೀರುಗಳಲ್ಲಿ ಕೆಂಪು ಧೂಳು ಕೂತು ಒಂದು ಹಂಸ ಎದ್ದು ಕಾಣುತ್ತಿತ್ತು. ಎರ್ರಿಯಪ್ಪ ಕಂಬ ಸುತ್ತಿದ, ಮತ್ತೆ ಸುತ್ತಿದ. ಬುಕ್ಕಸಾಗರದ ಅವನ ಮನೆಗೆ ಹೋಗುವಾಗ ಗದ್ದೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದ. ಹೊಸ ನಾಟಿಯ ಸಾಲುಗಳು ಗಾಳಿಗೆ ಒಟ್ಟಿಗೆ ಬಾಗುತ್ತಿದ್ದವು.

ಆಮೇಲೆ ಅವನ ಹೆಂಡತಿ ಎಲ್ಲಮ್ಮನ ಹಣಿಗೆ ಕಾಣೆಯಾಯಿತು.

"ನನ್ ಹಣಗಿ ಏನ್ ಮಾಡ್ದಿ? ತೆಲಿಮ್ಯಾಗ ನಾಕ್ ಕೂದ್ಲಿಲ್ಲ ನಿನಗ!"

"ಲಾರಿಗೆ ಬಾಚಬೇಕಾಗೇತಿ, ಸುಮ್ಕಿರು."

ಶೆಡ್ಡಿಗೆ ಬಂದಿದ್ದ ಒಂದು ಲಾರಿಯ ಹಲಗೆಗೆ ಬಿಳಿ ಬಣ್ಣ ದಪ್ಪಗೆ ಬಳಿದು, ಹಸಿಯಿರುವಾಗಲೇ ಹಣಿಗೆಯಿಂದ ಗೀರಿದ್ದ. ಒಣಗಿದ ಮೇಲೆ ಬಿಳಿಯೊಳಗೆ ಬಿಳಿ, ಏನೂ ಕಾಣಲಿಲ್ಲ. ಭಾನುವಾರ ಲಾರಿ ಮಾಲೀಕ ಕನಕರಾಜ್ ಬಂದು ನೋಡಿದ.

"ಇದೇನ್ಲೇ, ಹೆಣದ ಬಟ್ಟಿ ಹೊದಿಸಿದಂಗೈತಿ?"

"ಧೂಳು ಕೂಡ್ಲಿ ತಡ್ರಿ. ತೊಳಿಬ್ಯಾಡ್ರಿ, ಅಷ್ಟ."

ಹೊನ್ನೂರಸ್ವಾಮಿ ನಡುವೆ ಬಂದ. "ಎರಡ್ ದಿನ ನೋಡ್ತೀನಿ. ಏನೂ ಕಾಣ್ಲಿಲ್ಲಂದ್ರ ಕುಂಚ ಇಟ್ಟು ಮನೀಗೆ ಹೋಗು. ಸ್ಟಿಕ್ಕರ್ ತರಿಸೀನಿ."

ಲಾರಿ ಅದಿರು ತರಲು ಸಂಡೂರಿಗೆ ಹೊರಟಿತು. ಆ ಎರಡು ದಿನ ಅವನು ಬೈಪಾಸಿನ ಅಂಚಿನಲ್ಲಿ ಅತ್ತಿಂದಿತ್ತ ನಡೆದ. ಬರುವ ಪ್ರತಿ ಲಾರಿಯ ನಂಬರ್ ನೋಡುವನು, ಕೈಯಲ್ಲಿದ್ದ ಚಹಾ ಆರಿಹೋಗುವುದು. ಎದೆ ಹಿಡಿದಂತಾಗುತ್ತದೆ ಅಂದ. ಆಸ್ಪತ್ರೆಗೆ ಹೋಗೋಣ ನಡಿ ಅಂದೆ. "ಲಾರಿ ಬರ್ಲಿ." ಸರಿ ಅಂದೆ. ಹಾಗೆ ಅಂದದ್ದು ಈಗ ನನ್ನನ್ನು ಒಂದು ಕಡೆ ಕೂರಗೊಡುತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಲಾರಿ ಬಂದು ಶೆಡ್ಡಿನ ಮುಂದೆ ನಿಂತಿತು. ನಾನೂ ಅಲ್ಲಿದ್ದೆ. ನಯವಾದ ಕಡೆ ಧೂಳು ಗಾಳಿಗೆ ಹಾರಿ, ಗೀರುಗಳಲ್ಲಿ ಮಾತ್ರ ಉಳಿದಿತ್ತು. ಹಲಗೆಯ ತುಂಬ ಗದ್ದೆ. ಕೆಂಪು ಸಾಲುಗಳೆಲ್ಲ ಒಂದೇ ಗಾಳಿಗೆ ಬಾಗಿದ್ದವು.

ಹೊನ್ನೂರಸ್ವಾಮಿ ಬಹಳ ಹೊತ್ತು ನೋಡಿದ. ಕೈಯಲ್ಲಿದ್ದ ಸ್ಟಿಕ್ಕರ್ ಸುರುಳಿಯನ್ನು ಬೆಂಚಿನ ಕೆಳಗೆ ತಳ್ಳಿದ. "ನಾಳೆ ಇನ್ನೊಂದ್ ಗಾಡಿ ಬರ್ತೈತಿ," ಅಂದ.

ಡ್ರೈವರ್ ಕೊಟ್ರಯ್ಯನಿಗೆ ಇದೊಂದೂ ತಿಳಿಯದು. ಟ್ರಿಪ್ಪು ಮುಗಿಸಿದವನ ರೂಢಿಯಂತೆ ಗಾಡಿ ತೊಳೆಯಲು ಬಕೆಟ್ ತುಂಬಿಕೊಂಡು ಹಿಂದಕ್ಕೆ ಬಂದ. ಎರ್ರಿಯಪ್ಪ ಅವನ ಕೈಯಿಂದ ಬಕೆಟ್ ತೆಗೆದುಕೊಂಡ, ರಸ್ತೆಬದಿಯ ಬೇವಿನ ಮರದವರೆಗೆ ಹೊತ್ತು ನಡೆದ, ನೀರನ್ನೆಲ್ಲ ಅದರ ಬುಡಕ್ಕೆ ಸುರಿದ.